ಸೌದೆಗೆ ಚೈನ್ ಸಾ: ಆರಿಸುವುದು ಹೇಗೆ, ಹಲ್ಲು ಕಾಯುವುದು ಹೇಗೆ

ಚೈನ್ ಸಾ ಸರಿಯಾಗಿ ಕೊಯ್ಯುತ್ತಿದೆಯೇ ಎಂದು ತಿಳಿಯಬೇಕಾದರೆ ಕಾಲಬುಡದಲ್ಲಿ ಬಿದ್ದದ್ದನ್ನು ನೋಡಿ. ಹಲ್ಲು ಹರಿತವಾಗಿದ್ದರೆ ಕತ್ತರಿಸಿದ ಉಗುರಿನಂಥ ಚಕ್ಕೆಗಳು ಬಿದ್ದಿರುತ್ತವೆ, ಒಂದೊಂದನ್ನೂ ಬೆರಳಲ್ಲಿ ಎತ್ತಿಕೊಳ್ಳಬಹುದು. ಮೊಂಡಾಗಿದ್ದರೆ ಹಿಟ್ಟಿನಂಥ ಪುಡಿ ಉದುರಿ ಬೂಟಿನ ಮೇಲೆ ಕೂರುತ್ತದೆ. ಪುಡಿ ಕಂಡಮೇಲೂ ಕೊಯ್ಯುತ್ತಲೇ ಹೋದರೆ ಆ ಕೆಲಸದ ಭಾರವೆಲ್ಲ ನಿಮ್ಮ ತೋಳಿಗೆ, ಬಾರಿಗೆ (ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ), ಕ್ಲಚ್ಚಿಗೆ ಬೀಳುತ್ತದೆ.

ಸೌದೆಗೆಂದು ಚೈನ್ ಸಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಇಂಜಿನ್ ಎಷ್ಟು ಸಿಸಿ ಎಂದು. ವರ್ಷಗಟ್ಟಲೆ ಸೌದೆ ಕೊಯ್ದ ನನ್ನ ಅನುಭವದಲ್ಲಿ, ಹರಿತವಾದ ಚೈನ್ ಹಾಕಿದ ಸಾಧಾರಣ ಗಾತ್ರದ ಯಂತ್ರ ಮೊಂಡು ಚೈನಿನ ದೊಡ್ಡ ಯಂತ್ರಕ್ಕಿಂತ ಬೇಗ ಕೆಲಸ ಮುಗಿಸುತ್ತದೆ, ಮೈಯನ್ನೂ ದಣಿಸುವುದಿಲ್ಲ. ಹಾಗಾಗಿ ಕೊಳ್ಳುವ ಮಾತನ್ನು ಬೇಗ ಮುಗಿಸಿ, ಹಲ್ಲಿನ ಆರೈಕೆಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೊಳ್ಳುವ ಮುಂಚೆ ದಿಮ್ಮಿ ಅಳೆಯಿರಿ

ಟೇಪು ಹಿಡಿದು ನಿಮ್ಮ ಕಟ್ಟಿಗೆ ರಾಶಿಯ ಹತ್ತಿರ ಹೋಗಿ. ಅಲ್ಲಿರುವ ಅತಿ ದಪ್ಪ ದಿಮ್ಮಿಯನ್ನಲ್ಲ, ಹೆಚ್ಚಾಗಿ ಯಾವ ದಪ್ಪದ್ದು ಬರುತ್ತದೋ ಅದನ್ನು ಅಳೆಯಿರಿ. ಬಾರ್ ಆ ದಪ್ಪಕ್ಕಿಂತ ಸುಮಾರು 5 ಸೆಂ.ಮೀ. ಉದ್ದ ಇದ್ದರೆ ಸಾಕು. 30 ಸೆಂ.ಮೀ. ಒಳಗಿನ ದಿಮ್ಮಿಗಳೇ ಹೆಚ್ಚಿದ್ದರೆ 14 ಅಥವಾ 16 ಇಂಚಿನ ಬಾರು, 35ರಿಂದ 45 ಸಿಸಿ ಇಂಜಿನ್ ಸರಿಹೋಗುತ್ತದೆ. 40 ಸೆಂ.ಮೀ. ದಾಟಿದ ಗಟ್ಟಿ ಮರ ಮತ್ತೆ ಮತ್ತೆ ಬರುವಂತಿದ್ದರೆ 18 ಇಂಚಿನ ಬಾರು, 50 ಸಿಸಿ ಆಸುಪಾಸಿನ ಇಂಜಿನ್ ನೋಡಿ. ಎಂದೋ ಒಮ್ಮೆ ಬರುವ ದೊಡ್ಡ ಬೊಡ್ಡೆಯನ್ನು ಎರಡೂ ಕಡೆಯಿಂದ ಕೊಯ್ದುಕೊಳ್ಳಬಹುದು. ಅದೊಂದಕ್ಕಾಗಿ ವರ್ಷವಿಡೀ ಉದ್ದ ಬಾರು ಹೊರುವುದು ಬೇಡ. ಬಾರು ಉದ್ದವಾದಷ್ಟೂ ಹರಿತ ಮಾಡಬೇಕಾದ ಹಲ್ಲುಗಳು ಹೆಚ್ಚು, ಇಂಜಿನ್ನಿಗೆ ಎಳೆತ ಹೆಚ್ಚು, ಕಣ್ಣಿಗೆ ಕಾಣದ ಕಡೆ ತುದಿ ತಗಲುವ ಅಪಾಯವೂ ಹೆಚ್ಚು.

ಕರೆಂಟಿನದೋ, ಬ್ಯಾಟರಿಯದೋ, ಪೆಟ್ರೋಲಿನದೋ ಎಂಬುದು ಸೌದೆ ಎಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ. ಮನೆಯ ಪಕ್ಕದಲ್ಲೇ ಸ್ಟ್ಯಾಂಡ್ ಇಟ್ಟು ಕೊಯ್ಯುವವರಿಗೆ ವೈರಿನ ಯಂತ್ರ ಸಾಕು. ಆಗಾಗ ಸ್ವಲ್ಪ ಸ್ವಲ್ಪ ಕೊಯ್ಯುವವರಿಗೆ, ಕೊಂಬೆ ಸವರುವವರಿಗೆ ಬ್ಯಾಟರಿಯದು ನಿಜಕ್ಕೂ ಹಿತ: ಚಾಲೂ ಮಾಡಲು ಹಗ್ಗ ಎಳೆಯಬೇಕಿಲ್ಲ, ಹಳೆ ಪೆಟ್ರೋಲಿನ ಕಾಟವಿಲ್ಲ, ಸದ್ದೂ ಕಡಿಮೆ. ಕರೆಂಟಿಲ್ಲದ ಕಡೆ ದಿನಗಟ್ಟಲೆ ದಪ್ಪ ಮರ ಕೊಯ್ಯಬೇಕೆಂದರೆ ಪೆಟ್ರೋಲಿನದೇ ಸರಿ. ಚೈನ್, ಬಾರ್ ಆಯಿಲ್, ಬಿಗಿತ, ಎಚ್ಚರಿಕೆ ಮೂರಕ್ಕೂ ಒಂದೇ. ಬ್ಯಾಟರಿಯ ಯಂತ್ರಕ್ಕೆ ಎಣ್ಣೆ ಬೇಡ ಎಂದುಕೊಂಡು ಬಾರು ಸುಟ್ಟುಕೊಂಡವರನ್ನು ಕಂಡಿದ್ದೇನೆ.

ಕೊಳ್ಳುವಾಗ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಎರಡು ನಿಮಿಷ ಹಿಡಿದು ನೋಡಿ. ಟ್ಯಾಂಕು ತುಂಬಿದ ಮೇಲೆ ಅದು ಇನ್ನಷ್ಟು ಭಾರವಾಗುತ್ತದೆ ಎಂಬುದು ನೆನಪಿರಲಿ. ಮುಂದಿನ ಹಿಡಿಯ ಎದುರಿಗೆ ಚೈನ್ ಬ್ರೇಕ್ ಇರಬೇಕು, ಟ್ರಿಗರಿಗೆ ಲಾಕ್ ಇರಬೇಕು, ಚೈನ್ ಕಡಿದರೆ ತಡೆಯುವ ಕ್ಯಾಚರ್ ಕೆಳಗಿರಬೇಕು, ಹಿಡಿಗಳಿಗೆ ನಡುಕ ತಗ್ಗಿಸುವ ಸ್ಪ್ರಿಂಗ್ ಅಥವಾ ರಬ್ಬರ್ ಇರಬೇಕು. ಚೈನ್, ಫಿಲ್ಟರ್, ಸ್ಪ್ರಾಕೆಟ್ (ಚೈನನ್ನು ತಿರುಗಿಸುವ ಹಲ್ಲುಚಕ್ರ) ಸುಲಭವಾಗಿ ಸಿಗುವ ಮಾಡೆಲನ್ನೇ ಆರಿಸಿ.

ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಸ್ಟಾರ್ಟರ್ ಹಗ್ಗವನ್ನು ನಿಧಾನಕ್ಕೆ ಎಳೆಯಿರಿ. ಒಳಗಿನಿಂದ ತಡೆದು ತಡೆದು ಬರಬೇಕು; ಸಡಿಲವಾಗಿ ಜಾರಿ ಬಂದರೆ ಕಂಪ್ರೆಶನ್, ಎಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ ಎಂದರ್ಥ. ಮಾರುವವರು ಒಪ್ಪಿದರೆ ಸೈಲೆನ್ಸರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೈ ನುಣುಪಾಗಿದ್ದರೆ ಸರಿ. ಉದ್ದುದ್ದ ಗೀರುಗಳಿದ್ದರೆ ಆಯಿಲ್ ಸಾಲದೆ ಓಡಿದ ಇಂಜಿನ್ ಇರಬಹುದು, ಬಿಟ್ಟುಬಿಡಿ.

ಬಾರಿನ ಮೇಲಿನ ಮೂರು ಅಂಕಿ

ಬಾರಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳನ್ನು ಒತ್ತಿರುತ್ತಾರೆ: ಪಿಚ್, ಗೇಜ್, ಡ್ರೈವ್ ಲಿಂಕುಗಳ ಸಂಖ್ಯೆ. ಸಾಲಾಗಿರುವ ಮೂರು ರಿವೆಟ್ಟುಗಳ ನಡುವಿನ ದೂರದ ಅರ್ಧವೇ ಪಿಚ್. ಬಾರಿನ ಅಂಚಿನ ಸೀಳಿನಲ್ಲಿ ಕೂರುವ ಡ್ರೈವ್ ಲಿಂಕಿನ ದಪ್ಪ ಗೇಜ್. ಮೂರೂ ಹೊಂದದಿದ್ದರೆ ಚೈನ್ ಕೂರುವುದಿಲ್ಲ, ಕೂತರೂ ಓಡುವುದಿಲ್ಲ. ಈ ಮೂರನ್ನು ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ. ಬಾರಿನ ಉದ್ದ ಮಾತ್ರ ಹೇಳಿ ಚೈನ್ ತಂದರೆ ಸಾಮಾನ್ಯವಾಗಿ ವಾಪಸ್ ಹೋಗಬೇಕಾಗುತ್ತದೆ.

ಚೈನಿನಲ್ಲಿ ಎರಡು ಜಾತಿ ಮುಖ್ಯ. ಹಲ್ಲಿನ ಮೂಲೆ ಚೂಪಾಗಿರುವ ಫುಲ್ ಚಿಸೆಲ್ ಶುಭ್ರವಾದ ಹಸಿ ಮರದಲ್ಲಿ ವೇಗವಾಗಿ ಹೋಗುತ್ತದೆ, ಆದರೆ ಸ್ವಲ್ಪ ಮಣ್ಣು ತಗಲಿದರೂ ಬೇಗ ಮೊಂಡಾಗುತ್ತದೆ. ಮೂಲೆ ದುಂಡಾಗಿರುವ ಸೆಮಿ ಚಿಸೆಲ್ ತುಸು ನಿಧಾನ, ಆದರೆ ತಾಳಿಕೆ ಜಾಸ್ತಿ. ಸೌದೆಯ ದಿಮ್ಮಿಗಳು ನೆಲದ ಮೇಲೆ ಎಳೆದು ಬಂದಿರುತ್ತವೆ, ತೊಗಟೆಯಲ್ಲಿ ಮಣ್ಣು ಕೂತಿರುತ್ತದೆ, ಮರ ಒಣಗಿರುತ್ತದೆ. ನಾನು ಸೆಮಿ ಚಿಸೆಲ್ ಬಿಟ್ಟು ಬೇರೆಯದು ಹಾಕುವುದಿಲ್ಲ. ಹೊಸಬರು ಅದರಲ್ಲೇ ಕಿಕ್‌ಬ್ಯಾಕ್ (ಯಂತ್ರ ಮುಖದತ್ತ ಹಾರುವುದು) ಕಡಿಮೆ ಇರುವ ಚೈನ್ ಕೇಳಿ ತೆಗೆದುಕೊಳ್ಳಬೇಕು.

ಪೆಟ್ರೋಲು ಮತ್ತು ಎರಡು ಬಗೆಯ ಎಣ್ಣೆ

ಸೌದೆಗೆ ಬಳಸುವ ಪೆಟ್ರೋಲ್ ಯಂತ್ರಗಳೆಲ್ಲ ಸಾಮಾನ್ಯವಾಗಿ ಟೂ ಸ್ಟ್ರೋಕ್. ಇಂಜಿನ್ನಿನ ಒಳಗೆ ಪ್ರತ್ಯೇಕ ಆಯಿಲ್ ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆಸಿದ ಆಯಿಲೇ ಬೇರಿಂಗ್, ಪಿಸ್ಟನ್ ಎಲ್ಲವನ್ನೂ ಕಾಯಬೇಕು. ಮ್ಯಾನುಯಲ್ 50:1 ಎಂದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, 40:1 ಎಂದರೆ 25 ಮಿ.ಲೀ., 25:1 ಎಂದರೆ 40 ಮಿ.ಲೀ. ಗಾಳಿಯಿಂದ ತಣಿಯುವ ಇಂಜಿನ್ನಿಗೆಂದೇ ಮಾಡಿದ ಟೂ ಸ್ಟ್ರೋಕ್ ಆಯಿಲ್ ಬೇಕು. ಕಾರಿನ ಇಂಜಿನ್ ಆಯಿಲೂ ಬೇಡ, ದೋಣಿಯ ಇಂಜಿನ್ನಿನದೂ ಬೇಡ. ಡಬ್ಬಿಗೆ ಅರ್ಧ ಪೆಟ್ರೋಲ್ ಹಾಕಿ, ಅಳೆದ ಆಯಿಲ್ ಸುರಿದು, ಚೆನ್ನಾಗಿ ಕುಲುಕಿ, ಉಳಿದರ್ಧ ಹಾಕಿ ಮತ್ತೆ ಕುಲುಕಿ. ಯಂತ್ರಕ್ಕೆ ತುಂಬುವ ಪ್ರತಿ ಸಲವೂ ಡಬ್ಬಿಯನ್ನೊಮ್ಮೆ ಕುಲುಕಿ. ಕಣ್ಣಂದಾಜಿನಲ್ಲಿ ಆಯಿಲ್ ಸುರಿಯುವವರು ಇದ್ದಾರೆ. ಕಡಿಮೆ ಬಿದ್ದ ದಿನ ಪಿಸ್ಟನ್ ಗೀರಿಹೋಗುತ್ತದೆ, ಮುನ್ಸೂಚನೆ ಏನೂ ಬರುವುದಿಲ್ಲ.

ಮಿಶ್ರಣವನ್ನು ಒಂದು ತಿಂಗಳಲ್ಲಿ ಖರ್ಚು ಮಾಡಿ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಇಟ್ಟಷ್ಟೂ ಹಾಳಾಗುತ್ತದೆ, ಕಾರ್ಬ್ಯುರೇಟರಿನ ತೆಳು ಡಯಾಫ್ರಮ್ ಗಡುಸಾಗುತ್ತದೆ. ಒಮ್ಮೆ ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲಿನಿಂದ ನನ್ನ ಯಂತ್ರ ಚಾಲೂ ಆಗಲು ಒಲ್ಲೆನೆಂದಿತು. ಹಗ್ಗ ಎಳೆದೆಳೆದು ಭುಜ ನೋಯಿಸಿಕೊಂಡೆ, ಪ್ಲಗ್ ಬದಲಾಯಿಸಿದೆ, ಕೊನೆಗೆ ಕಾರ್ಬ್ಯುರೇಟರ್ ಬಿಚ್ಚಿದಾಗ ಒಳಗೆಲ್ಲ ಅಂಟು ಕೂತಿತ್ತು. ಅಂದಿನಿಂದ ಬೆರೆಸಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯುತ್ತೇನೆ.

ಇನ್ನೊಂದು ಎಣ್ಣೆ ಚೈನಿನದು. ಚೈನ್ ಸೆಕೆಂಡಿಗೆ 20 ಮೀಟರ್ ಆಸುಪಾಸಿನ ವೇಗದಲ್ಲಿ ಬಾರಿನ ಸುತ್ತ ಓಡುತ್ತದೆ; ತುದಿಯಲ್ಲಿ ತಿರುಗುವಾಗ ಸಾಧಾರಣ ಎಣ್ಣೆ ಸಿಡಿದು ಹಾರಿಹೋಗುತ್ತದೆ. ಬಾರ್ ಆಯಿಲ್ ಅಂಟಿಕೊಂಡು ಉಳಿಯುವಂತೆ ಮಾಡಿದ್ದು. ಗಾಡಿಯಿಂದ ಇಳಿಸಿದ ಹಳೆ ಆಯಿಲ್ ಸುರಿಯಬೇಡಿ. ಅದರಲ್ಲಿ ಲೋಹದ ನುಣ್ಣನೆ ಪುಡಿ ಇರುತ್ತದೆ, ಪಂಪನ್ನು ತಿನ್ನುತ್ತದೆ. ಜೊತೆಗೆ ಅದೆಲ್ಲ ನಿಮ್ಮ ಕೈಗೂ ಮಣ್ಣಿಗೂ ಸಿಡಿಯುತ್ತದೆ. ಪೆಟ್ರೋಲ್ ತುಂಬಿದಾಗೆಲ್ಲ ಬಾರ್ ಆಯಿಲನ್ನೂ ತುಂಬಿ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ತುದಿಯನ್ನು ಒಂದು ತಿಳಿಬಣ್ಣದ ಮರದ ಮೇಲ್ಮೈಯಿಂದ ಒಂದು ಗೇಣು ದೂರ ಹಿಡಿದು ಯಂತ್ರವನ್ನು ಓಡಿಸಿ. ಸ್ವಲ್ಪ ಹೊತ್ತಿಗೆ ಎಣ್ಣೆಯ ತೆಳು ಗೆರೆ ಮೂಡಬೇಕು. ಮೂಡದಿದ್ದರೆ ಟ್ಯಾಂಕಿನಲ್ಲಿ ಎಣ್ಣೆ ಇದ್ದೂ ಬಾರಿಗೆ ಬರುತ್ತಿಲ್ಲ: ಬಾರಿನ ಹಿಂಭಾಗದ ಸಣ್ಣ ತೂತಿನಲ್ಲಿ ಪುಡಿ ಕಟ್ಟಿಕೊಂಡಿರುತ್ತದೆ, ತಂತಿಯಿಂದ ಬಿಡಿಸಿ.

ಬಿಗಿತ

ಚೈನ್ ತಣ್ಣಗಿರುವಾಗ ಬಿಗಿ ನೋಡಬೇಕು. ಯಂತ್ರ ಬಂದ್ ಮಾಡಿ, ಬ್ಯಾಟರಿಯದಾದರೆ ಬ್ಯಾಟರಿ ಹೊರಗೆ ತೆಗೆದು, ಗ್ಲೌಸ್ ಹಾಕಿಕೊಂಡು, ಬಾರಿನ ನಟ್ಟುಗಳನ್ನು ಕೊಂಚ ಸಡಿಲಿಸಿ. ಬಾರಿನ ತುದಿಯನ್ನು ಒಂದು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದೇ ಚೈನ್ ಬಿಗಿಸುವ ಸ್ಕ್ರೂ ತಿರುಗಿಸಿ, ಎತ್ತಿ ಹಿಡಿದೇ ನಟ್ಟು ಬಿಗಿಯಿರಿ. ಎತ್ತದೆ ಬಿಗಿದರೆ ಮೊದಲ ಕೊಯ್ತದಲ್ಲೇ ಚೈನ್ ಜೋತುಬೀಳುತ್ತದೆ. ಸರಿಯಾದ ಬಿಗಿತದಲ್ಲಿ ಚೈನ್ ಕೆಳಗಡೆ ಬಾರಿಗೆ ತಾಗಿರುತ್ತದೆ, ಆದರೆ ಬ್ರೇಕ್ ಬಿಟ್ಟು ಕೈಯಲ್ಲಿ ಎಳೆದರೆ ಸುಲಭವಾಗಿ ಸರಿಯುತ್ತದೆ. ನಡುವೆ ಹಿಡಿದು ಮೇಲಕ್ಕೆತ್ತಿದಾಗ ಡ್ರೈವ್ ಲಿಂಕುಗಳು ಬಾರಿನ ಸೀಳಿನಿಂದ ಪೂರ್ತಿ ಹೊರಗೆ ಬರಬಾರದು.

ಹೊಸ ಚೈನ್ ಮೊದಲ ದಿನ ಬೇಗ ಹಿಗ್ಗುತ್ತದೆ, ಎರಡು ಮೂರು ಕೊಯ್ತಕ್ಕೊಮ್ಮೆ ನೋಡಿ. ಬಿಸಿಯಾಗಿ ಜೋತುಬಿದ್ದ ಚೈನನ್ನು ಕೆಲಸದ ನಡುವೆ ಬಿಗಿದಿದ್ದರೆ ಕೆಲಸ ಮುಗಿದಮೇಲೆ ಮರೆಯದೆ ಸಡಿಲಿಸಿ. ತಣ್ಣಗಾಗುತ್ತ ಅದು ಕುಗ್ಗುತ್ತದೆ, ಸ್ಪ್ರಾಕೆಟ್ಟನ್ನೂ ಕ್ರ್ಯಾಂಕ್‌ಶಾಫ್ಟ್ ಬೇರಿಂಗನ್ನೂ ಜಗ್ಗುತ್ತ ರಾತ್ರಿಯೆಲ್ಲ ನಿಂತಿರುತ್ತದೆ.

ಹಲ್ಲು

1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನೊಬ್ಬ ಸೌದೆ ಕಡಿಯುತ್ತಿದ್ದಾಗ ಒಂದು ಬೊಡ್ಡೆಯೊಳಗೆ ಮರ ಕೊರೆಯುವ ದುಂಬಿಯ ಹುಳುವನ್ನು ಕಂಡ. ತೋರುಬೆರಳಿನ ಗಾತ್ರದ ಆ ಹುಳು ಮರವನ್ನು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿಂದು ಸಾಗುತ್ತಿತ್ತು. ಅದರ ದವಡೆ ಬಾಗಿತ್ತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಕಚ್ಚುತ್ತಿತ್ತು. ಆಗಿನ ಚೈನುಗಳಿಗೆ ಕೈಗರಗಸದಂಥ ಹಲ್ಲುಗಳಿದ್ದವು, ಕೊಯ್ದದ್ದಕ್ಕಿಂತ ಹರಿತ ಮಾಡಿದ್ದೇ ಹೆಚ್ಚು. ಕಾಕ್ಸ್ ಆ ದವಡೆಯನ್ನೇ ಉಕ್ಕಿನಲ್ಲಿ ಮಾಡಿ, ಎಡ ಹಲ್ಲು ಬಲ ಹಲ್ಲು ಸರದಿಯಲ್ಲಿ ಬರುವ ಚೈನ್ ರೂಪಿಸಿ 1947ರಲ್ಲಿ ಕಂಪನಿ ಶುರುಮಾಡಿದ. ಇಂದು ನಿಮ್ಮ ಬಾರಿನ ಮೇಲೆ ಇರುವುದೂ ಅದೇ ಬಗೆ.

ಒಂದು ಹಲ್ಲನ್ನು ಹತ್ತಿರದಿಂದ ನೋಡಿ. ಹಿಂದೆ ಬಾಗಿದ ಕತ್ತಿ ಇದೆ, ಮುಂದೆ ಅದಕ್ಕಿಂತ ಕೂದಲೆಳೆಯಷ್ಟು ಗಿಡ್ಡಗಿರುವ ಗುಬಟು ಇದೆ. ಆ ಗುಬಟಿಗೆ ಡೆಪ್ತ್ ಗೇಜ್ ಎನ್ನುತ್ತಾರೆ. ಕತ್ತಿ ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಅದು. ಈಗ ಹಲ್ಲನ್ನು ಬೆಳಕಿಗೆ ತಿರುಗಿಸಿ. ಹರಿತವಾದ ಅಂಚು ಕಣ್ಣಿಗೇ ಕಾಣುವುದಿಲ್ಲ, ಏಕೆಂದರೆ ಬೆಳಕು ಬಿದ್ದು ಮರಳಲು ಅಲ್ಲಿ ಅಗಲವೇ ಇರುವುದಿಲ್ಲ. ಮೊಂಡಾದ ಅಂಚಿನಲ್ಲಿ ಬಿಳಿಯ ಗೆರೆಯೊಂದು ಮಿನುಗುತ್ತದೆ. ಆ ಗೆರೆ ಮಾಯವಾಗುವವರೆಗೆ ಅರ ಹಾಕಬೇಕು, ಅಷ್ಟೇ ಕೆಲಸ.

ಬೇಕಾದದ್ದು ದುಂಡು ಅರ. ಅಂಗಡಿಯಲ್ಲಿ ರೌಂಡ್ ಫೈಲ್ ಎಂದು ಕೇಳಿ. ಚೈನಿನ ಪಿಚ್ಚಿಗೆ ತಕ್ಕ ದಪ್ಪದ್ದೇ ಇರಬೇಕು. ಸಣ್ಣ ಯಂತ್ರಗಳಲ್ಲಿ ಬರುವ 3/8 ಲೋ ಪ್ರೊಫೈಲ್ ಚೈನಿಗೆ ಹೆಚ್ಚಾಗಿ 4 ಮಿ.ಮೀ., .325 ಪಿಚ್ಚಿಗೆ 4.8 ಮಿ.ಮೀ., ದೊಡ್ಡ 3/8 ಚೈನಿಗೆ ತಯಾರಕರನ್ನು ನೋಡಿ 5.2 ಅಥವಾ 5.5 ಮಿ.ಮೀ. ಕೋನ ಹಿಡಿದು ಕೊಡುವ ಗೈಡ್ ಜೊತೆಯಲ್ಲಿ ಕೊಂಡರೆ ಹೊಸಬರ ಕೈಗೆ ಬಹಳ ಸಹಾಯ.

1. ಬಾರನ್ನು ವೈಸಿನಲ್ಲಿ ಕಚ್ಚಿಸಿ. ವೈಸ್ ಇಲ್ಲದಿದ್ದರೆ ದಿಮ್ಮಿಯಲ್ಲಿ ಒಂದು ಸೀಳು ಕೊಯ್ದು, ಯಂತ್ರ ಬಂದ್ ಮಾಡಿ ಬಾರನ್ನು ಅದರಲ್ಲೇ ಕೂರಿಸಿ. ಚೈನ್ ಅಲ್ಲಾಡದಂತೆ ಬ್ರೇಕ್ ಹಾಕಿ.

2. ಎಲ್ಲ ಹಲ್ಲುಗಳನ್ನೂ ನೋಡಿ, ಅತಿ ಗಿಡ್ಡವಾದದ್ದನ್ನು ಹುಡುಕಿ ಮಾರ್ಕರ್ ಪೆನ್ನಿನಿಂದ ಗುರುತು ಹಾಕಿ. ಅಲ್ಲಿಂದಲೇ ಶುರು, ಉಳಿದವನ್ನೆಲ್ಲ ಅದರ ಉದ್ದಕ್ಕೆ ತರಬೇಕು.

3. ಅರವನ್ನು ಹಲ್ಲಿನ ಕೊಕ್ಕೆಯಲ್ಲಿ ಕೂರಿಸಿ. ಅದರ ದಪ್ಪದ ಐದನೇ ಒಂದು ಭಾಗ ಹಲ್ಲಿನ ಮೇಲ್ಮೈಗಿಂತ ಮೇಲಿರಲಿ. ಬಾರಿಗೆ ಅಡ್ಡವಾಗಿ ಎಳೆದ ನೇರ ಗೆರೆಯಿಂದ ಸಾಮಾನ್ಯವಾಗಿ 30 ಡಿಗ್ರಿ ಓರೆ ಬೇಕು. ಬಹಳಷ್ಟು ಹಲ್ಲುಗಳ ನೆತ್ತಿಯಲ್ಲಿ ಇದಕ್ಕೆಂದೇ ಒಂದು ಓರೆ ಗೆರೆ ಕೊರೆದಿರುತ್ತಾರೆ, ಅರವನ್ನು ಅದಕ್ಕೆ ಸಮವಾಗಿ ಹಿಡಿಯಿರಿ.

4. ಹಲ್ಲಿನ ಒಳಗಡೆಯಿಂದ ಹೊರಗಡೆಗೆ, ನಿಮ್ಮಿಂದ ಆಚೆಗೆ ತಳ್ಳಿ. ವಾಪಸ್ ತರುವಾಗ ಅರವನ್ನು ಎತ್ತಿ ತನ್ನಿ. ಉಜ್ಜುತ್ತ ಎಳೆದರೆ ಅರವೇ ಮೊಂಡಾಗುತ್ತದೆ. ಮೂರೋ ನಾಲ್ಕೋ ಸಲ ಸಾಕು. ಎಣಿಸಿಕೊಳ್ಳಿ, ಎಲ್ಲ ಹಲ್ಲಿಗೂ ಅಷ್ಟೇ ಸಲ.

5. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ಹೋಗಿ.

ಎರಡನೆಯ ಬದಿಯಲ್ಲಿ ಕೈ ಸರಿಯಾಗಿ ಓಡುವುದಿಲ್ಲ, ಎಲ್ಲರಿಗೂ ಹಾಗೇ. ನನಗೂ ಒಂದು ಬದಿಯ ಹಲ್ಲು ಬೇಗ ಸವೆಯುತ್ತಿತ್ತು. ಕೊಯ್ತ ನೇರ ಇಳಿಯದೆ ಒಂದು ಕಡೆಗೆ ಬಾಗುತ್ತಿದ್ದರೆ ಎರಡು ಬದಿಯ ಹಲ್ಲುಗಳ ಉದ್ದವೋ ಹರಿತವೋ ಬೇರೆಬೇರೆಯಾಗಿದೆ ಎಂದು ತಿಳಿಯಿರಿ. ಬಾರಿನ ಸೀಳಿನ ಅಂಚು ಒಂದು ಕಡೆ ಸವೆದಿದ್ದರೂ ಹೀಗಾಗುತ್ತದೆ.

ನಾಲ್ಕೈದು ಸಲ ಅರ ಹಾಕಿದ ಮೇಲೆ ಡೆಪ್ತ್ ಗೇಜ್ ನೋಡಬೇಕು. ಕತ್ತಿ ಹಿಂದೆ ಸರಿದಂತೆ ಅದರ ಎತ್ತರ ಇಳಿಯುತ್ತದೆ, ಮುಂದಿನ ಗುಬಟು ಮಾತ್ರ ಇದ್ದಲ್ಲೇ ಇರುತ್ತದೆ. ಹಲ್ಲು ಹರಿತವಾಗಿದ್ದರೂ ಪುಡಿಯೇ ಬೀಳುತ್ತಿದೆ ಎಂದರೆ ಕಾರಣ ಇದೇ. ಸಾಮಾನ್ಯವಾಗಿ 0.65 ಮಿ.ಮೀ. ಅಂತರ ಬೇಕು. ಇದಕ್ಕೊಂದು ಚಪ್ಪಟೆ ಅಳತೆಪಟ್ಟಿ ಸಿಗುತ್ತದೆ. ಅದನ್ನು ಚೈನಿನ ಮೇಲಿಟ್ಟು, ಮೇಲೆ ಚಾಚಿದಷ್ಟನ್ನು ಚಪ್ಪಟೆ ಅರದಿಂದ ತೆಗೆಯಿರಿ. ಹೆಚ್ಚು ತೆಗೆದರೆ ಬೇಗ ಕೊಯ್ಯುತ್ತದೆ ಎಂಬ ಆಸೆಗೆ ಬೀಳಬೇಡಿ. ಹಲ್ಲು ಆಳಕ್ಕೆ ಕಚ್ಚಿ ಯಂತ್ರ ಕುಪ್ಪಳಿಸುತ್ತದೆ, ಕಿಕ್‌ಬ್ಯಾಕ್ ಜೋರಾಗುತ್ತದೆ.

ಪ್ರತಿ ಎರಡು ಟ್ಯಾಂಕಿಗೊಮ್ಮೆ ಎರಡೆರಡು ಸಲ ಅರ ಹಾಕುವುದು, ಪೂರ್ತಿ ಮೊಂಡಾದ ಮೇಲೆ ಹತ್ತು ಸಲ ಉಜ್ಜುವುದಕ್ಕಿಂತ ಸುಲಭ. ಹಲ್ಲಿನ ಉದ್ದ 4 ಮಿ.ಮೀ.ಗೆ ಇಳಿದರೆ, ಅಥವಾ ಅದರ ಮೇಲಿನ ಸವೆತದ ಗುರುತು ಬಂದರೆ, ಚೈನ್ ಬದಲಾಯಿಸಿ.

ಹಲ್ಲು ಹಾಳಾಗದಂತೆ, ಮೈಗೆ ತಾಗದಂತೆ

ಹಲ್ಲಿನ ಮೊದಲ ಶತ್ರು ನೆಲ. ನೆಲದ ಮೇಲಿನ ದಿಮ್ಮಿಯ ಕೊನೆಯ ಒಂದು ಇಂಚು ಕೊಯ್ಯುವಾಗ ಬಾರಿನ ತುದಿ ಮಣ್ಣಿಗೆ ಇಳಿದು, ಕಲ್ಲಿಗೆ ತಾಗಿ ಕಿಡಿ ಹಾರಿ, ಅರ್ಧ ಗಂಟೆ ಅರ ಹಾಕಿದ್ದೆಲ್ಲ ಒಂದು ಸೆಕೆಂಡಿನಲ್ಲಿ ಹೋದದ್ದನ್ನು ನಾನು ಮರೆತಿಲ್ಲ. ಕತ್ತರಿಕಾಲಿನ ಸ್ಟ್ಯಾಂಡ್ ಮಾಡಿಕೊಳ್ಳಿ. ದೊಡ್ಡ ದಿಮ್ಮಿಯಾದರೆ ಮುಕ್ಕಾಲು ಭಾಗ ಕೊಯ್ದು, ಉರುಳಿಸಿ, ಇನ್ನೊಂದು ಕಡೆಯಿಂದ ಮುಗಿಸಿ. ತೊಗಟೆಯ ಮಣ್ಣನ್ನು ತಂತಿ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ.

ಬಾರು ಮರದಲ್ಲಿ ಸಿಕ್ಕಿಕೊಳ್ಳುವುದಕ್ಕೂ ಕಾರಣ ಇದೆ. ಎರಡೂ ತುದಿಗೆ ಆಸರೆಯಿದ್ದು ನಡುವೆ ಜೋತ ದಿಮ್ಮಿಯ ಮೇಲ್ಭಾಗ ಒತ್ತಿಕೊಂಡಿರುತ್ತದೆ: ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ. ಒಂದೇ ತುದಿಗೆ ಆಸರೆಯಿದ್ದರೆ ಇದರ ತಿರುವು: ಮೊದಲು ಕೆಳಗಿನಿಂದ, ಆಮೇಲೆ ಮೇಲಿನಿಂದ.

ಕಿಕ್‌ಬ್ಯಾಕ್ ಎಂದರೆ ಬಾರಿನ ತುದಿಯ ಮೇಲಿನ ಕಾಲುಭಾಗ ಏನಕ್ಕಾದರೂ ತಾಗಿದಾಗ ಇಡೀ ಯಂತ್ರ ನಿಮ್ಮ ಮುಖದತ್ತ ಹಾರುವುದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಹೋಗಿರುತ್ತದೆ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಯ ಸುತ್ತ ಬಳಸಿರಲಿ, ಎಡ ಮೊಣಕೈ ನೆಟ್ಟಗಿರಲಿ, ಚೈನಿನ ನೇರಕ್ಕೆ ನಿಮ್ಮ ತಲೆ ಇರದಂತೆ ಒಂದು ಪಕ್ಕಕ್ಕೆ ನಿಲ್ಲಿ. ಭುಜಕ್ಕಿಂತ ಎತ್ತರದಲ್ಲಿ ಕೊಯ್ಯಬೇಡಿ, ಏಣಿಯ ಮೇಲಂತೂ ಬೇಡವೇ ಬೇಡ. ಚಾಲೂ ಮಾಡುವಾಗ ಯಂತ್ರ ನೆಲದ ಮೇಲಿರಲಿ, ಬ್ರೇಕ್ ಹಾಕಿರಲಿ, ಬಲಗಾಲು ಹಿಂದಿನ ಹಿಡಿಯನ್ನು ಒತ್ತಿರಲಿ. ಒಂದು ಕೈಯಲ್ಲಿ ತೂಗಾಡಿಸಿ ಹಗ್ಗ ಎಳೆಯುವ ಅಭ್ಯಾಸ ಎಷ್ಟೋ ಜನರಲ್ಲಿದೆ, ದಯವಿಟ್ಟು ಬಿಡಿ.

ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಗಟ್ಟಿ ಬೂಟು ಬೇಕು. ಪೆಟ್ರೋಲ್ ಯಂತ್ರದ ಸದ್ದು 100 ಡೆಸಿಬಲ್ ದಾಟುತ್ತದೆ, ಕೇಳುವ ಶಕ್ತಿ ನೋವಿಲ್ಲದೆ ಹೋಗಿಬಿಡುತ್ತದೆ. ಕಾಲಿಗೆ ಚೈನ್ ಸಾ ಪ್ಯಾಂಟ್ ಅಥವಾ ಚಾಪ್ಸ್ ಹಾಕಿ: ಚೈನ್ ತಾಗಿದರೆ ಒಳಗಿನ ಉದ್ದನೆಯ ನಾರುಗಳು ಹೊರಬಂದು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತವೆ. ಯಂತ್ರ ಕೊಂಡ ದಿನವೇ ಇದನ್ನೂ ಕೊಳ್ಳಿ.

ದಿನದ ಕೊನೆಗೆ ಹತ್ತು ನಿಮಿಷ

ಕವರ್ ಬಿಚ್ಚಿ, ಎಣ್ಣೆ ಕುಡಿದು ಗಟ್ಟಿಯಾದ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಏರ್ ಫಿಲ್ಟರ್ ತೆಗೆಯುವ ಮೊದಲು ಚೋಕ್ ಮುಚ್ಚಿ, ಪುಡಿ ಕಾರ್ಬ್ಯುರೇಟರಿಗೆ ಬೀಳುವುದಿಲ್ಲ. ಫಿಲ್ಟರನ್ನು ತಟ್ಟಿ ಉದುರಿಸಿ. ಜಿಡ್ಡಾಗಿದ್ದರೆ ಉಗುರುಬೆಚ್ಚನೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಸ್ಟಾರ್ಟರ್ ಕವರಿನ ಗಾಳಿ ಕಿಂಡಿಗಳು, ಸಿಲಿಂಡರಿನ ರೆಕ್ಕೆಗಳು ಮುಚ್ಚಿಕೊಂಡಿದ್ದರೆ ಇಂಜಿನ್ ಕಾದುಹೋಗುತ್ತದೆ.

ಬಾರಿನ ಸೀಳನ್ನು ತೆಳು ತಗಡಿನ ಚೂರಿನಿಂದ ಕೆರೆದು, ಅಂಚಿನಲ್ಲಿ ಎದ್ದ ಮುಳ್ಳನ್ನು ಚಪ್ಪಟೆ ಅರದಿಂದ ಸವರಿ, ಬಾರನ್ನು ತಿರುವಿ ಹಾಕಿ. ಕೆಳ ಅಂಚೇ ಹೆಚ್ಚು ಸವೆಯುವುದರಿಂದ ಹೀಗೆ ತಿರುವಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಸ್ಪ್ರಾಕೆಟ್ಟಿನ ಹಲ್ಲಿನಲ್ಲಿ ಅರ್ಧ ಮಿ.ಮೀ. ಗುಂಡಿ ಬಿದ್ದಿದ್ದರೆ ಅದನ್ನು ಬದಲಾಯಿಸಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ಕೆಡಿಸುತ್ತದೆ. ಪ್ಲಗ್ಗಿನ ಅಂತರ ಹೆಚ್ಚಿನ ಯಂತ್ರಗಳಲ್ಲಿ 0.5 ಮಿ.ಮೀ. ಪ್ಲಗ್ಗನ್ನೂ ಟ್ಯಾಂಕಿನೊಳಗಿನ ಫ್ಯೂಯಲ್ ಫಿಲ್ಟರನ್ನೂ ವರ್ಷಕ್ಕೊಮ್ಮೆ ಹೊಸದು ಹಾಕಿದರೆ ಸಾಕು. ಟ್ರಿಗರ್ ಬಿಟ್ಟಮೇಲೂ ಚೈನ್ ತಿರುಗುತ್ತಿದ್ದರೆ ಐಡಲ್, ಎಂದರೆ ಟ್ರಿಗರ್ ಒತ್ತದಿರುವಾಗಿನ ಇಂಜಿನ್ ವೇಗ, ತಗ್ಗಿಸಬೇಕು. ತಗ್ಗಿಸಿದರೂ ನಿಲ್ಲದಿದ್ದರೆ ಕ್ಲಚ್ ನೋಡಿಸದೆ ಮುಟ್ಟಬೇಡಿ.

ಎರಡು ಮೂರು ತಿಂಗಳು ಬಳಸುವುದಿಲ್ಲ ಎಂದಾದರೆ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಬಯಲಲ್ಲಿ ಓಡಿಸಿ. ಚೈನ್ ಬಿಚ್ಚಿ, ಅರ ಹಾಕಿ, ಎಣ್ಣೆ ಸವರಿ ಇಡಿ. ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ಯಂತ್ರದಿಂದ ಬೇರೆಯಾಗಿ, ತಂಪಾದ ಒಣ ಜಾಗದಲ್ಲಿಡಿ. ಮುಂದಿನ ಸಲ ಚೈನ್ ಹಾಕುವಾಗ ಹಲ್ಲಿನ ಕತ್ತಿ ಬಾರಿನ ಮೇಲಂಚಿನಲ್ಲಿ ತುದಿಯ ಕಡೆ ಮುಖ ಮಾಡಿದೆಯೇ ಎಂದು ನೋಡಿಕೊಂಡು ಕವರ್ ಮುಚ್ಚಿ.